ರೋವ್ ದುಂಬಿಗೆ ಹೆಸರು ಹಚ್ಚುವುದು: ತರಗೆಲೆಯಿಂದ ಲೇಬಲ್‌ವರೆಗೆ

ಕಾಸರಗೋಡಿನ ಅಡಿಕೆ ತೋಟದಲ್ಲಿ ರೋವ್ ದುಂಬಿಗೆ, ಅಂದರೆ ಗಿಡ್ಡ ಗಡಸುರೆಕ್ಕೆಯ ಹೊರಗೆ ಹೊಟ್ಟೆ ಚಾಚಿ ಕಾಣುವ ದುಂಬಿಗೆ, ಬರವಿಲ್ಲ. ಕೊಳೆತ ಸೋಗೆ, ಹಾಳೆಯ ಅಡಿ, ಹಟ್ಟಿಗೊಬ್ಬರದ ರಾಶಿ, ಹೊಸ ಸೆಗಣಿ, ಗದ್ದೆಯ ಬದು, ಒಂದೊಂದು ಕಡೆ ಒಂದೊಂದು ಗುಂಪು ಸಿಗುತ್ತದೆ. ಕಷ್ಟವಿರುವುದು ಹೆಸರು ಹಚ್ಚುವುದರಲ್ಲಿ. ಇವುಗಳ ಸ್ಟ್ಯಾಫಿಲಿನಿಡೇ ಕುಟುಂಬದಲ್ಲಿ ಈಗಾಗಲೇ ವಿವರಿಸಿದ ಪ್ರಭೇದಗಳೇ 60,000 ದಾಟುತ್ತವೆ. ಬಣ್ಣವನ್ನೋ ಫೋಟೋವನ್ನೋ ನಂಬಿ ಪ್ರಭೇದ ಹೇಳುವವರ ಮಾತನ್ನು ನಾನು ಗಣನೆಗೆ ತೆಗೆದುಕೊಳ್ಳುವುದಿಲ್ಲ.

ತರಗೆಲೆಯನ್ನು ದೊಡ್ಡ ಕಣ್ಣಿನ ಜರಡಿಯಲ್ಲಿ ಗಾಳಿಸಿ, ಕೆಳಗೆ ಬಿದ್ದ ಪುಡಿಯನ್ನು ಬರ್ಲೀಸ್ ಆಲಿಕೆಗೆ (ಮೇಲಿನ ಬಿಸಿಗೆ ಹುಳಗಳು ತಾವೇ ಕೆಳಗಿಳಿದು ಬೀಳುವ ಸಾಧನ) ತೆಳುವಾಗಿ ಹರಡುತ್ತೇನೆ. ಮೇಲೆ 40 ವ್ಯಾಟಿನ ಹಳೇ ನಮೂನೆಯ ಬಲ್ಬ್, ಕೆಳಗೆ 70 ಶೇಕಡಾ ಆಲ್ಕೊಹಾಲ್. ಎಲ್ಇಡಿ ಬಲ್ಬ್ ಸಾಕಷ್ಟು ಕಾಯುವುದಿಲ್ಲ, ಹಾಗಾಗಿ ಇಲ್ಲಿ ಉಪಯೋಗಕ್ಕಿಲ್ಲ. ಪದರ ದಪ್ಪವಾದರೆ, ಅಥವಾ ಬಲ್ಬ್ ತೀರಾ ಹತ್ತಿರವಿದ್ದರೆ, ಮೇಲ್ಭಾಗ ಬೇಗ ಒಣಗಿ 2 ಮಿ.ಮೀ.ಯ ಸಣ್ಣ ಹುಳಗಳು ಕೆಳಗಿಳಿಯುವ ಮೊದಲೇ ಸಾಯುತ್ತವೆ. ಸೆಗಣಿಗೆ ಆಲಿಕೆ ಬೇಡ. ಬಕೆಟ್ ನೀರಿಗೆ ಹಾಕಿ ಕದಡಿದರೆ ದುಂಬಿಗಳು ತೇಲಿ ಬರುತ್ತವೆ. ಡಿಎನ್ಎ ಪರೀಕ್ಷೆಗೆ ಬೇಕಾದವನ್ನು ಆಗಲೇ 95 ಶೇಕಡಾ ಆಲ್ಕೊಹಾಲಿಗೆ ಬೇರ್ಪಡಿಸಬೇಕು.

ಮೊದಲು ನೋಡುವುದು ಹೊಟ್ಟೆಯ ತುದಿ. ಇಕ್ಕಳವಿದ್ದರೆ ಅದು ಇಯರ್‌ವಿಗ್, ದುಂಬಿಯೇ ಅಲ್ಲ. ಆಮೇಲೆ ಕುಡಿಮೀಸೆಯ ಬುಡ. ಅದು ತಲೆಯ ಮೇಲ್ಮೈಯಲ್ಲಿ, ಕಣ್ಣಿನ ಒಳ ಅಂಚಿನ ಹತ್ತಿರ ತೆರೆದು ಕಂಡರೆ ಅಲಿಯೊಕ್ಯಾರಿನೇ ಉಪಕುಟುಂಬ. ಆದರೆ ಕಣ್ಣು ಉಬ್ಬಿ ತಲೆಯ ಪಕ್ಕವನ್ನೆಲ್ಲ ಆವರಿಸಿದ್ದರೆ ಸ್ಟೀನಸ್ ಕುಲ. ತಲೆಯ ಮುಂದಿನ ಅಂಚಿನಲ್ಲೇ ಇದ್ದರೆ ಸ್ಟ್ಯಾಫಿಲಿನಿನೇ ಉಪಕುಟುಂಬ. ಆಮೇಲೆ ಪಾದದ ಗಿಣ್ಣುಗಳ ಎಣಿಕೆ, ಮೂರೂ ಜೊತೆ ಕಾಲಿನದ್ದು, ಮುಂದಿನ, ನಡುವಿನ, ಹಿಂದಿನ ಕಾಲು ಎಂಬ ಕ್ರಮದಲ್ಲಿ. ಸೆಗಣಿಯ ಆಕ್ಸಿಟೆಲಸ್‌ನಲ್ಲಿ 3-3-3, ಪೆಡೆರಸ್‌ನಲ್ಲಿ 5-5-5. ಒಂದು ಕಾಲನ್ನು ಮಾತ್ರ ಎಣಿಸಿ ಮುಂದೆ ಹೋದರೆ ಅಲಿಯೊಕ್ಯಾರಿನೇಯಲ್ಲಿ ಸಿಕ್ಕಿಬೀಳುತ್ತೀರಿ, ಅಲ್ಲಿ 4-5-5 ಕೂಡ ಸಾಮಾನ್ಯ.

ಉದ್ದ ಅಳೆಯುವಾಗ ಎಚ್ಚರ. ಆಲ್ಕೊಹಾಲಿನಲ್ಲಿ ಹೊಟ್ಟೆ ಚಾಚಿಕೊಳ್ಳುತ್ತದೆ, ಒಣಗಿದಾಗ ಖಂಡಗಳು ಒಂದರೊಳಗೊಂದು ಸೇರಿ ಗಿಡ್ಡವಾಗುತ್ತದೆ. ಆದ್ದರಿಂದ ತಲೆಯ ಮುಂತುದಿಯಿಂದ ಗಡಸುರೆಕ್ಕೆಯ ಕೊನೆವರೆಗಿನ ಅಳತೆಯನ್ನು ಬೇರೆಯಾಗಿ ಬರೆಯುತ್ತೇನೆ. ಹೋಲಿಕೆಗೆ ಬರುವುದು ಅದೇ.

ಗದ್ದೆ ಬದಿಯ ಮನೆಗಳ ದೀಪಕ್ಕೆ ಬರುವ, ಜನ ಆಸಿಡ್ ಹುಳ ಅನ್ನುವ ಪೆಡೆರಸ್ ಕುಲ ಬಣ್ಣವನ್ನು ನಂಬಬಾರದು ಎಂಬುದಕ್ಕೆ ಒಳ್ಳೆಯ ಉದಾಹರಣೆ. ಕಪ್ಪು ತಲೆ, ಕಿತ್ತಳೆ ಎದೆ, ನೀಲಿಹಸಿರು ಹೊಳಪಿನ ಗಡಸುರೆಕ್ಕೆ, ಕಿತ್ತಳೆ ಹೊಟ್ಟೆಗೆ ಕಪ್ಪು ತುದಿ: ಕಂಡವರೆಲ್ಲ ಪೆಡೆರಸ್ ಫುಸಿಪೆಸ್ ಅಂದುಬಿಡುತ್ತಾರೆ. ಈ ಬಣ್ಣ ಹಲವು ಪ್ರಭೇದಗಳಿಗೆ ಸಮಾನ. ಪಾದದ ನಾಲ್ಕನೇ ಗಿಣ್ಣು ಎರಡು ಹಾಲೆಯಾಗಿ ಸೀಳಿರುವುದು ಕುಲದ ಗುರುತು ಮಾತ್ರ. ಹಿಡಿಯುವಾಗ ಇಕ್ಕಳ ಬಳಸಿ, ಹುಳವನ್ನು ಬಾಯಿಂದ ಹೀರಿ ಸೀಸೆಗೆ ಎಳೆಯುವ ಕೊಳವೆ, ಅಂದರೆ ಆಸ್ಪಿರೇಟರ್, ಬೇಡ. ಹುಳ ಜಜ್ಜಿದರೆ ಹೊರಬರುವ ಪೆಡೆರಿನ್ ಎಂಬ ವಿಷ ಚರ್ಮ ಸುಡುತ್ತದೆ, ಅದೂ ಒಂದೆರಡು ದಿನ ತಡವಾಗಿ. ಒಣಗಿದ ಮಾದರಿಯನ್ನು ಬಿಡಿಸುವಾಗಲೂ ಕೈಗವಸು ಬಿಡಬೇಡಿ.

ಪ್ರಭೇದ ತೀರ್ಮಾನವಾಗುವುದು ಗಂಡಿನ ಜನನಾಂಗದಲ್ಲಿ, ಅಂದರೆ ಏಡಿಯಾಗಸ್‌ನಲ್ಲಿ. ಪೆಡೆರಸ್ ಗಂಡಿನ ಎಂಟನೇ ಖಂಡದ ಕೆಳಫಲಕದ ತುದಿಯಲ್ಲಿ ಕಿರಿದಾದ ಕಚ್ಚು ಇರುತ್ತದೆ, ಹೆಣ್ಣಿಗಿಲ್ಲ. ಒಣ ಮಾದರಿಯನ್ನು ಬಿಸಿನೀರಿನಲ್ಲಿ ಮೆದುವಾಗಿಸಿ, ಕೊನೆಯ ಖಂಡಗಳನ್ನು ಸೂಜಿಯಿಂದ ಬಿಡಿಸಿ, 10 ಶೇಕಡಾ ಕಾಸ್ಟಿಕ್ ಪೊಟ್ಯಾಷ್‌ನಲ್ಲಿ ಬೆಚ್ಚಗೆ ಇಡುತ್ತೇನೆ. ಗಡಿಯಾರ ನಂಬದೆ ಆಗಾಗ ಮೈಕ್ರೋಸ್ಕೋಪಿನಡಿ ನೋಡುವುದೇ ಸರಿ; ಸ್ನಾಯು ಕರಗಿದ ಕೂಡಲೇ ತೆಗೆಯಬೇಕು. ಹೆಚ್ಚಾದರೆ ಪ್ಯಾರಮಿಯರ್ ಎಂಬ ಪಕ್ಕದ ತೆಳು ಭಾಗಗಳು ಗಾಜಿನಂತಾಗಿ ಅಂಚೇ ಕಾಣದು. ಒಂದು ಹನಿ ಅಸಿಟಿಕ್ ಆಮ್ಲ ಬೆರೆಸಿದ ನೀರಿನಲ್ಲಿ ತೊಳೆದು ಗ್ಲಿಸರಿನ್‌ಗೆ. ಮೇಲಿನಿಂದ, ಕೆಳಗಿನಿಂದ, ಪಕ್ಕದಿಂದ ಮೂರು ಚಿತ್ರ ಬೇಕು. ಸ್ವಲ್ಪ ವಾಲಿದರೂ ತುದಿಯ ಆಕಾರ ಬೇರೆ ಪ್ರಭೇದದ್ದೇ ಅನ್ನಿಸುತ್ತದೆ.

ಸೆಗಣಿಯಲ್ಲಿ ಸಿಗುವ ಇನ್ನೊಂದು ಕುಲ ಫಿಲೊಂಥಸ್‌ನಲ್ಲಿ ಜನನಾಂಗಕ್ಕೆ ಮೊದಲು ಎದೆಫಲಕದ ನಡುಗೆರೆಯ ಎರಡೂ ಬದಿಯ ಚುಕ್ಕಿಸಾಲು ಎಣಿಸಬೇಕು. ಸೆಗಣಿಯ ಪುಡಿ ತುಂಬಿ ಚುಕ್ಕಿ ಮುಚ್ಚಿಹೋಗಿರುತ್ತದೆ, ಸೋಪುನೀರಿನ ಬ್ರಶ್ಶಿನಿಂದ ಉಜ್ಜಿಯೇ ಎಣಿಸಿ.

ನಮ್ಮ ಪ್ರದೇಶಕ್ಕೆ ಇಂದಿಗೂ ಆಧಾರ ಮಾಲ್ಕಮ್ ಕ್ಯಾಮರಾನ್ 1930ರಿಂದ 1939ರವರೆಗೆ ‘ಫೌನಾ ಆಫ್ ಬ್ರಿಟಿಷ್ ಇಂಡಿಯಾ’ ಮಾಲೆಗೆ ಬರೆದ ಸಂಪುಟಗಳು. ಅವುಗಳಲ್ಲಿರುವ ಕೀಲಿಗಳು, ಅಂದರೆ ಲಕ್ಷಣ ನೋಡುತ್ತ ಹೆಸರಿಗೆ ತಲುಪುವ ಪಟ್ಟಿಗಳು, ಹೆಚ್ಚಾಗಿ ಬಣ್ಣ, ಚುಕ್ಕಿ, ಕುಡಿಮೀಸೆಯ ಅನುಪಾತದ ಮೇಲೆ ನಿಂತಿವೆ. ಕುಲದವರೆಗೆ ಕೈಹಿಡಿಯುತ್ತವೆ, ಆಮೇಲೆ ಇತ್ತೀಚಿನ ಪರಿಷ್ಕರಣೆಗಳನ್ನೂ ಟೈಪ್ ಮಾದರಿಯ (ಪ್ರಭೇದಕ್ಕೆ ಹೆಸರಿಡುವಾಗ ಆಧಾರವಾದ ಮಾದರಿ) ಚಿತ್ರಗಳನ್ನೂ ನೋಡದೆ ಗತಿಯಿಲ್ಲ. ಅನೇಕ ಕುಲಗಳ ಹೆಸರೇ ಆಮೇಲೆ ಬದಲಾಗಿದೆ. ಗಂಡು ಸಿಗದಿದ್ದರೆ ‘ಪೆಡೆರಸ್ ಪ್ರಭೇದ’ ಎಂದಷ್ಟೇ ಬರೆದು ನಿಲ್ಲಿಸುತ್ತೇನೆ.

ಮಾದರಿಯನ್ನು ಪಿನ್ನಿಗೆ ಚುಚ್ಚಿದ ಮೂಲೆಕಾರ್ಡಿನ (ಚಿಕ್ಕ ತ್ರಿಕೋನ ಕಾರ್ಡು) ತುದಿಗೆ ನೀರಿನಲ್ಲಿ ಕರಗುವ ಅಂಟಿನಿಂದ, ಎದೆಯ ಬಲಬದಿಗೆ ಮಾತ್ರ ಅಂಟಿಸಿ, ಕೆಳಮೈ ಕಾಣಬೇಕು. ಜನನಾಂಗದ ಸಣ್ಣ ಸೀಸೆ ಅದೇ ಪಿನ್ನಿನಲ್ಲಿರಲಿ. ಲೇಬಲ್ಲಿನಲ್ಲಿ ಊರು, ಜಿಲ್ಲೆ, ಅಕ್ಷಾಂಶ ರೇಖಾಂಶ, ಎತ್ತರ, ದಿನಾಂಕ, ನೆಲೆ, ಹಿಡಿದ ವಿಧಾನ, ಹಿಡಿದವರ ಹೆಸರು. ತಿಂಗಳನ್ನು ರೋಮನ್ ಅಂಕಿಯಲ್ಲಿ ಬರೆದರೆ 5/6 ಮೇ ತಿಂಗಳೋ ಜೂನೋ ಎಂಬ ಜಗಳವಿಲ್ಲ. ನಮ್ಮ ಮಳೆಗಾಲದಲ್ಲಿ ನ್ಯಾಫ್ತಲೀನ್ ಬೂಸ್ಟನ್ನು ತಡೆಯುವುದಿಲ್ಲ. ಪೆಟ್ಟಿಗೆಗೆ ಸಿಲಿಕಾ ಜೆಲ್ ಹಾಕಿ, ಅದರ ಬಣ್ಣ ಬದಲಾದಾಗ ಬಾಣಲೆಯಲ್ಲಿ ಬಿಸಿ ಮಾಡಿ ಮತ್ತೆ ಬಳಸಬಹುದು, ಅಡುಗೆಯ ಬಾಣಲೆ ಬೇಡ.