ಡ್ಯೂಟಿ ಲಿಸ್ಟಿನಿಂದಲೇ ಶುರುವಾಗಲಿ ಸುರಕ್ಷತೆ

ಹೊನ್ನಾವರ ತಾಲ್ಲೂಕಿನ ಹಳದೀಪುರದ ಅರುಣಾ ಶಾನಭಾಗ ಮುಂಬೈನ ಕೆಇಎಂ ಆಸ್ಪತ್ರೆಯಲ್ಲಿ ನರ್ಸ್. 1973ರ ನವೆಂಬರ್ 27ರಂದು ಡ್ಯೂಟಿ ಮುಗಿಸಿ ಬಟ್ಟೆ ಬದಲಿಸಲು ನೆಲಮಾಳಿಗೆಗೆ ಇಳಿದಾಗ ಅದೇ ಆಸ್ಪತ್ರೆಯ ನೌಕರನೊಬ್ಬ ಮೇಲೆರಗಿದ. 2015ರ ಮೇ 18ರಂದು ತೀರಿಕೊಳ್ಳುವವರೆಗೂ ಆಕೆ ಹಾಸಿಗೆ ಬಿಟ್ಟೇಳಲಿಲ್ಲ. ಅಷ್ಟೂ ವರ್ಷ ನೋಡಿಕೊಂಡವರು ಅಲ್ಲಿನ ನರ್ಸ್‌ಗಳೇ. 2024ರ ಆಗಸ್ಟ್ 9ರಂದು ಕೋಲ್ಕತ್ತದ ಆರ್‌.ಜಿ. ಕರ್ ಆಸ್ಪತ್ರೆಯ ಸೆಮಿನಾರ್ ಹಾಲ್‌ನಲ್ಲಿ ಯುವ ವೈದ್ಯೆಯೊಬ್ಬರ ಅತ್ಯಾಚಾರ, ಕೊಲೆ ನಡೆಯಿತು. ಐವತ್ತು ವರ್ಷ ಕಳೆದರೂ ಕೂಗಿದರೆ ಓಗೊಡುವವರಿಲ್ಲದ ಕೋಣೆಗಳು ಆಸ್ಪತ್ರೆಗಳಲ್ಲಿ ಹಾಗೇ ಉಳಿದಿವೆ.

ಸಿಸಿಟಿವಿ ಬೇಕು, ಕಾವಲುಗಾರರೂ ಬೇಕು. ಆದರೆ ನನ್ನ ಪ್ರಕಾರ ಮೊದಲು ತಿದ್ದಬೇಕಾದದ್ದು ನೋಟಿಸ್ ಬೋರ್ಡಿನ ಡ್ಯೂಟಿ ಲಿಸ್ಟು.

ಮೊದಲು ತಲೆ ಎಣಿಸಿ

ಸಾಮಾನ್ಯ ಆಸ್ಪತ್ರೆಯ ವಾರ್ಡಿನಲ್ಲಿ 5 ರೋಗಿಗಳಿಗೊಬ್ಬ ನರ್ಸ್, ಬೋಧನಾ ಆಸ್ಪತ್ರೆಯಾದರೆ 3 ರೋಗಿಗಳಿಗೊಬ್ಬರು, ರಜೆಯ ಸಲುವಾಗಿ ಮೇಲೆ ಶೇ 30 ಮಂದಿ: ಇದು ಭಾರತೀಯ ಶುಶ್ರೂಷಾ ಪರಿಷತ್ತಿನ ಮಾನದಂಡ. ಇದನ್ನು ಪ್ರತಿ ಪಾಳಿಗೂ ಅನ್ವಯಿಸಿದರೆ, ಸಾಮಾನ್ಯ ಆಸ್ಪತ್ರೆಯ 30 ಹಾಸಿಗೆಯ ವಾರ್ಡಿಗೆ ಪಾಳಿಗೆ 6, ಮೂರು ಪಾಳಿಗೆ 18, ರಜೆಯ ಪಾಲೂ ಸೇರಿ 24 ಜನ. ರಾತ್ರಿ ಎರಡು ಗಂಟೆಗೆ ವಾರ್ಡಿನಲ್ಲಿ ನಿಜಕ್ಕೂ ಎಷ್ಟು ಜನ ಇರುತ್ತಾರೆಂದು ಇದರ ಪಕ್ಕದಲ್ಲೇ ಬರೆಯಿರಿ. ನರ್ಸಿಂಗ್ ಸೂಪರಿಂಟೆಂಡೆಂಟ್ ಆ ಹಾಳೆಯನ್ನು ಪ್ರತಿ ತಿಂಗಳೂ ಆಡಳಿತಕ್ಕೆ ಕೊಟ್ಟು ಸ್ವೀಕೃತಿ ಪಡೆಯಲಿ. ಬಾಯಿಮಾತಿಗೆ ದಾಖಲೆಯಿರುವುದಿಲ್ಲ.

ರಾತ್ರಿ ಇಬ್ಬರು, ಜೊತೆಗೊಬ್ಬರು

ಯಾವ ವಾರ್ಡಿನಲ್ಲೂ ರಾತ್ರಿ ಒಬ್ಬರೇ ನರ್ಸ್ ಇರಬಾರದು. ಇಬ್ಬರನ್ನು ಹಾಕಿದರೂ ಸಾಲದು. ಒಬ್ಬರು ಬ್ಲಡ್ ಬ್ಯಾಂಕಿಗೆ ಓಡಿದರೆ ಉಳಿಯುವುದು ಒಬ್ಬರೇ. ಕುಡಿದು ಬಂದ ರೋಗಿಯ ಕಡೆಯವನು ಇಂಜೆಕ್ಷನ್ ರೂಮಿನ ಬಾಗಿಲಿಗೆ ಅಡ್ಡ ನಿಲ್ಲುವುದು ಆಗಲೇ. ಹಾಗಾಗಿ ಪ್ರತಿ ಮಹಡಿಗೂ ಇಂಥ ಹೊತ್ತಿಗೆ ಬಂದು ನಿಲ್ಲುವ ಒಬ್ಬ ಹೆಚ್ಚುವರಿ ನರ್ಸ್ ಬೇಕು. ವಿದ್ಯಾರ್ಥಿನಿಯರನ್ನು ಈ ಲೆಕ್ಕಕ್ಕೆ ಸೇರಿಸಲೇಬೇಡಿ. ಮಲಗುವ, ಬಟ್ಟೆ ಬದಲಿಸುವ ಕೋಣೆ ನರ್ಸಿಂಗ್ ಸ್ಟೇಷನ್ನಿಗೆ ಅಂಟಿಕೊಂಡೇ ಇರಲಿ, ಚಿಲಕ ಒಳಗಿನಿಂದ ಬೀಳಲಿ.

ಹೆಂಗಸರನ್ನು ರಾತ್ರಿ ಪಾಳಿಯಿಂದಲೇ ತೆಗೆಯೋಣ ಎನ್ನುವವರಿದ್ದಾರೆ. ಪಶ್ಚಿಮ ಬಂಗಾಳ ಸರ್ಕಾರ ಅಂಥ ಸೂಚನೆ ಹೊರಡಿಸಿದಾಗ ಸುಪ್ರೀಂ ಕೋರ್ಟ್ 2024ರ ಸೆಪ್ಟೆಂಬರ್‌ನಲ್ಲಿ ಅದನ್ನು ಒಪ್ಪಲಿಲ್ಲ. ಭದ್ರತೆ ಕೊಡುವುದು ಸರ್ಕಾರದ ಹೊಣೆ ಎಂದಿತು.

ಪರದೆಯ ಹಿಂದೆ ಯಾರಿದ್ದಾರೆ?

ಕಿರುಕುಳ ರೋಗಿಗಳಿಗೂ ಆಗುತ್ತದೆ. ಪುರುಷ ವೈದ್ಯರು ಮಹಿಳಾ ರೋಗಿಯನ್ನು ಪರೀಕ್ಷಿಸುವಾಗ ಇನ್ನೊಬ್ಬ ಮಹಿಳೆ ಜೊತೆಗಿರಬೇಕಾದ್ದು ಆಕೆಯ ಹಕ್ಕೆಂದು ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗದ ರೋಗಿಗಳ ಹಕ್ಕುಪತ್ರ ಹೇಳುತ್ತದೆ. ಪುರುಷ ಟೆಕ್ನಿಷಿಯನ್ ಬಂದಾಗಲೂ ಇದನ್ನೇ ಪಾಲಿಸಿ. ಇಸಿಜಿ ತೆಗೆಯಲು ಎದೆಯ ಮೇಲಿನ ಬಟ್ಟೆ ಸರಿಸಲೇಬೇಕು. ಆಗ ಸಿಸ್ಟರ್ ತಲೆಯ ಕಡೆ ನಿಂತು, ‘ಅಮ್ಮಾ, ಈಗ ಎದೆಗೆ ವಯರ್ ಅಂಟಿಸ್ತಾರೆ, ನಾನಿಲ್ಲೇ ಇದ್ದೀನಿ’ ಎಂದು ಹೇಳಿ, ಬೇಕಾದಷ್ಟೇ ಭಾಗ ಕಾಣುವಂತೆ ಹೊದಿಕೆ ಸರಿಸಬೇಕು. ಮುಗಿದ ಮೇಲೆ ಕೇಸ್ ಶೀಟಿನಲ್ಲಿ ತಮ್ಮ ಹೆಸರು, ಸಮಯ ಬರೆಯಬೇಕು. ಹದಿನೈದು ರೋಗಿಗಳನ್ನು ಒಬ್ಬರೇ ನೋಡುವ ಸಿಸ್ಟರಿಗೆ ಈ ಐದು ನಿಮಿಷ ಎಲ್ಲಿಂದ ಬರಬೇಕು? ಅದಕ್ಕೇ ಪ್ರತಿ ಪಾಳಿಯಲ್ಲೂ ಈ ಕೆಲಸಕ್ಕೆಂದೇ ಒಬ್ಬರ ಹೆಸರು ಲಿಸ್ಟಿನಲ್ಲಿರಲಿ. ಅರಿವಳಿಕೆಯ ಮಂಪರಿನಲ್ಲಿರುವವರ ಬಳಿಯಂತೂ ಒಬ್ಬ ನರ್ಸ್ ಕದಲದೆ ಇರಲೇಬೇಕು.

ದೂರು ಬಂದರೆ

10 ಅಥವಾ ಹೆಚ್ಚು ನೌಕರರಿರುವ ಕಡೆ ದೂರು ವಿಚಾರಿಸುವ ಆಂತರಿಕ ಸಮಿತಿ ಇರಬೇಕೆಂದು, ಕೆಲಸದ ಸ್ಥಳದಲ್ಲಿ ಮಹಿಳೆಯರಿಗಾಗುವ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆ ಹೇಳುತ್ತದೆ. ದೂರು ಕೊಡಲು 3 ತಿಂಗಳ ಅವಧಿಯಿದೆ. ಗುತ್ತಿಗೆ ನೌಕರಳೂ ಕೊಡಬಹುದು, ರೋಗಿಯೂ ಕೊಡಬಹುದು.

ದೂರಿತ್ತವಳಿಗೆ ಮರುವಾರವೇ ಸಾಲು ಸಾಲು ನೈಟ್ ಡ್ಯೂಟಿ ಬೀಳುವುದು, ದೂರದ ವಾರ್ಡಿಗೆ ಎತ್ತಂಗಡಿಯಾಗುವುದು ನರ್ಸ್‌ಗಳಿಗೆ ಗೊತ್ತಿರದ ಸಂಗತಿಯಲ್ಲ. ಆದ್ದರಿಂದ ಪಾಳಿ ಬದಲಾವಣೆಗೆ ಕಾರಣ ಬರೆದು ಇಬ್ಬರು ಸಹಿ ಹಾಕುವ ಪದ್ಧತಿ ತನ್ನಿ. ದೂರಿತ್ತವಳು ಲಿಖಿತವಾಗಿ ಕೋರಿದರೆ, ವಿಚಾರಣೆ ಮುಗಿಯುವ ತನಕ ಎದುರಾಳಿಯನ್ನು ಬೇರೆಡೆಗೆ ಕಳಿಸಲು ಸಮಿತಿ ಶಿಫಾರಸು ಮಾಡಬಹುದು. ಆ ವಾರ್ಡಿನ ಲಿಸ್ಟಿನಿಂದ ಅವನ ಹೆಸರು ತೆಗೆಯಿರಿ. ಅವಳ ಪಾಳಿ ಇದ್ದಲ್ಲೇ ಇರಲಿ.