ಶಾಲೆಯಲ್ಲೊಂದು ಗಣಿತ ಸ್ಪರ್ಧೆ: ಮೊದಲು ನಿಯಮ, ಆಮೇಲೆ ಪ್ರಶ್ನೆ

ಡಿಸೆಂಬರ್ ಹತ್ತಿರ ಬಂತೆಂದರೆ ಮಂಡ್ಯ ಸುತ್ತಮುತ್ತಲಿನ ಹೈಸ್ಕೂಲು ಮೇಷ್ಟ್ರುಗಳು ನನಗೆ ಫೋನ್ ಮಾಡುತ್ತಾರೆ. "ಮೇಡಂ, ರಾಮಾನುಜನ್ ದಿನಕ್ಕೆ ಒಂದು ಸ್ಪರ್ಧೆ ಇಟ್ಕೊಂಡಿದೀವಿ, ಒಂದಿಪ್ಪತ್ತು ಪ್ರಶ್ನೆ ಇದ್ರೆ ಕಳ್ಸಿ." ಪ್ರಶ್ನೆ ಎಲ್ಲಾದರೂ ಸಿಗುತ್ತದೆ. ನಿಯಮ ಕಳಿಸಿ ಎಂದು ಮಾತ್ರ ಯಾರೂ ಕೇಳುವುದಿಲ್ಲ. ಸ್ಪರ್ಧೆಯ ದಿನ ಗಲಾಟೆ ಆಗುವುದು ಪ್ರಶ್ನೆ ಕಷ್ಟವಾಯಿತೆಂದಲ್ಲ. ಸಮ ಅಂಕ ಬಂದಾಗ ಏನು, ಉತ್ತರ ತಿದ್ದಿದರೆ ಏನು, ಪ್ರಶ್ನೆಯೇ ತಪ್ಪಿದ್ದರೆ ಏನು ಎಂದು ಯಾರೂ ಮೊದಲೇ ಬರೆದಿಟ್ಟಿಲ್ಲವೆಂದು. ಹಾಗಾಗಿ ನಾನು ಒಂದು ಹಾಳೆಯ ನಿಯಮಪಟ್ಟಿ ಮಾಡಿಕೊಂಡಿದ್ದೇನೆ. ಅದನ್ನೇ ಇಲ್ಲಿ ಬಿಡಿಸಿ ಬರೆಯುತ್ತಿದ್ದೇನೆ.

ದಿನಾಂಕದ ಬಗ್ಗೆ ಹೆಚ್ಚು ಯೋಚಿಸಬೇಕಿಲ್ಲ. ರಾಮಾನುಜನ್ ಹುಟ್ಟಿದ್ದು 1887ರ ಡಿಸೆಂಬರ್ 22. 2012ರಿಂದ ಆ ದಿನವೇ ರಾಷ್ಟ್ರೀಯ ಗಣಿತ ದಿನ. ಆದರೆ ಆ ತಿಂಗಳಲ್ಲಿ ಶಾಲಾ ವಾರ್ಷಿಕೋತ್ಸವ, ಪ್ರವಾಸ, ಹತ್ತನೇ ತರಗತಿಯವರ ವಿಶೇಷ ತರಗತಿ ಎಲ್ಲ ಒಟ್ಟಿಗೆ ಬಂದು ಕೂರುತ್ತವೆ. ದಸರಾ ರಜೆ ಮುಗಿದ ವಾರವೇ ಹೆಡ್ ಮೇಷ್ಟ್ರ ಹತ್ತಿರ ಒಂದು ದಿನ ಕೇಳಿಟ್ಟುಕೊಳ್ಳಿ. ಬೆಳಿಗ್ಗೆ ಹತ್ತೂವರೆಗೆ ಮುಂಚೆ ಶುರು ಮಾಡಬೇಡಿ, ಹಳ್ಳಿ ಕಡೆಯ ಬಸ್ಸು ನಮ್ಮ ವೇಳಾಪಟ್ಟಿ ನೋಡಿ ಬರುವುದಿಲ್ಲ.

ತಂಡಕ್ಕೆ ಮೂವರು: ಎಂಟು, ಒಂಬತ್ತು, ಹತ್ತನೇ ತರಗತಿಯಿಂದ ತಲಾ ಒಬ್ಬರು. ಈ ಒಂದು ನಿಯಮವನ್ನು ಯಾರು ಎಷ್ಟೇ ಬೇಡಿಕೊಂಡರೂ ಸಡಿಲಿಸಬೇಡಿ. ಬಿಟ್ಟರೆ ಪ್ರತಿ ಶಾಲೆಯೂ ಹತ್ತನೇ ತರಗತಿಯ ಮೂರು ರ್‍ಯಾಂಕ್ ಮಕ್ಕಳನ್ನೇ ಕಳಿಸುತ್ತದೆ, ಎಂಟನೇ ತರಗತಿಯ ಹುಡುಗಿ ಚಪ್ಪಾಳೆ ತಟ್ಟಲು ಬರುತ್ತಾಳೆ.

ಸುತ್ತುಗಳು ಮೂರು: ಬರವಣಿಗೆ, ರಿಲೇ, ಕಪ್ಪುಹಲಗೆ. ಕ್ವಿಜ್ ಥರ ಬಝರ್ ಒತ್ತುವ ಸುತ್ತನ್ನು ನಾನು ಇಡುವುದಿಲ್ಲ. ಅಮೆರಿಕದ ಮ್ಯಾಥ್‌ಕೌಂಟ್ಸ್ ಸ್ಪರ್ಧೆಯಲ್ಲಿ ಕೊನೆಗೆ ಪ್ರಶ್ನೆಗೆ 45 ಸೆಕೆಂಡು ಕೊಡುವ ಅಂಥ ಸುತ್ತಿದೆ, ನೋಡಲು ಮಜವಾಗಿರುತ್ತದೆ. ಆದರೆ ಅವರು ಅದಕ್ಕೂ ಮುಂಚೆ 40 ನಿಮಿಷದಲ್ಲಿ 30 ಪ್ರಶ್ನೆಯ ಲಿಖಿತ ಸುತ್ತು ಮುಗಿಸಿರುತ್ತಾರೆ. ನಾವು ಆ ಭಾಗ ಬಿಟ್ಟು ಬಝರ್ ಒಂದನ್ನೇ ತಂದುಕೊಂಡಿದ್ದೇವೆ. ನಿಧಾನವಾಗಿ ಸರಿಯಾಗಿ ಯೋಚಿಸುವ ಮಗು ಅಲ್ಲಿ ಕೈ ಎತ್ತುವಷ್ಟರಲ್ಲಿ ಪ್ರಶ್ನೆ ಮುಗಿದಿರುತ್ತದೆ.

ಬರವಣಿಗೆ ಸುತ್ತು ಒಬ್ಬೊಬ್ಬರೇ ಕೂತು ಬರೆಯುವುದು. 60 ನಿಮಿಷ, 15 ಪ್ರಶ್ನೆ. ಮೊದಲ ಐದಕ್ಕೆ 2 ಅಂಕ, ನಡುವಿನ ಐದಕ್ಕೆ 3, ಕೊನೆಯ ಐದಕ್ಕೆ 5, ಒಟ್ಟು 50. ಇದು ನನ್ನ ಸ್ವಂತ ಬುದ್ಧಿಯಲ್ಲ. ದೇಶದ ಗಣಿತ ಒಲಿಂಪಿಯಾಡ್‌ನ ಮೊದಲ ಹಂತವಾದ ಐಒಕ್ಯೂಎಂ ಪರೀಕ್ಷೆಯಲ್ಲಿ 3 ಗಂಟೆ, 30 ಪ್ರಶ್ನೆ, ಹತ್ತು ಹತ್ತರಂತೆ 2, 3, 5 ಅಂಕ, ಒಟ್ಟು 100. ಅದರ ಪ್ರಶ್ನೆ, ಅಂಕ ಎರಡನ್ನೂ ಅರ್ಧ ಮಾಡಿದ್ದೇನೆ. ಅಲ್ಲಿಂದಲೇ ತಂದ ಇನ್ನೊಂದು ನಿಯಮ: ಪ್ರತಿ ಉತ್ತರವೂ 00ರಿಂದ 99ರೊಳಗಿನ ಪೂರ್ಣಸಂಖ್ಯೆಯೇ ಆಗಿರಬೇಕು. ತಿದ್ದುವುದು ಸಲೀಸು, "ನನ್ನ ಉತ್ತರಾನೂ ಸರೀನೇ, ಬೇರೆ ರೂಪದಲ್ಲಿದೆ" ಅನ್ನುವ ವಾದವಿಲ್ಲ, ನಾಲ್ಕು ಆಯ್ಕೆಗಳಲ್ಲಿ ಒಂದಕ್ಕೆ ಕಣ್ಮುಚ್ಚಿ ಟಿಕ್ ಹಾಕುವ ಅವಕಾಶವೂ ಇಲ್ಲ. ಆದ್ದರಿಂದಲೇ ಋಣ ಅಂಕವೂ ಬೇಕಿಲ್ಲ. ನೂರು ಉತ್ತರಗಳಲ್ಲಿ ಒಂದನ್ನು ಊಹೆಯಲ್ಲಿ ಹೊಡೆದರೆ ಹೊಡೆಯಲಿ ಬಿಡಿ.

ಉತ್ತರ ಭಿನ್ನರಾಶಿಯಾಗಿ ಬಂದರೆ? ಎರಡು ದಾಳ ಉರುಳಿಸಿದಾಗ ಮೊತ್ತ 7 ಬರುವ ಸಂಭವನೀಯತೆ 1/6. ಅದನ್ನು p/q ಎಂದು ಬರೆದು p+q ಎಷ್ಟು ಎಂದು ಕೇಳಿ, ಉತ್ತರ 07. ಆದರೆ "ಅತ್ಯಂತ ಸಂಕ್ಷಿಪ್ತ ರೂಪದಲ್ಲಿ" ಎನ್ನುವುದನ್ನು ಬಿಟ್ಟಿರೋ, 6/36 ಎಂದು ಬರೆದ ಮಗು 42 ಹಾಕುತ್ತದೆ. ಅದು ತಪ್ಪೆನ್ನಲು ನಿಮಗೆ ಬಾಯಿ ಇರುವುದಿಲ್ಲ. ಉತ್ತರ ದೊಡ್ಡದಾದರೆ ಕೊನೆಯ ಎರಡು ಅಂಕಿ ಕೇಳಿ. 7ರ ಘಾತ 2024ರ ಕೊನೆಯ ಎರಡು ಅಂಕಿ ಯಾವುವು? 7ರ ಘಾತ 4 ಅಂದರೆ 2401. 2024 ನಾಲ್ಕರಿಂದ ಭಾಗವಾಗುತ್ತದೆ, ಹಾಗಾಗಿ 01. ಉತ್ತರಕ್ಕೆ ಎರಡು ಚೌಕ ಮಾಡಿಕೊಟ್ಟು, ಒಂದೇ ಅಂಕಿ ಇದ್ದರೆ ಮುಂದೆ ಸೊನ್ನೆ ಹಾಕಬೇಕೆಂದು ಹಾಳೆಯ ಮೇಲೇ ಬರೆಯಿರಿ. ಒಲಿಂಪಿಯಾಡ್‌ನ ಓಎಂಆರ್ ಹಾಳೆಯಲ್ಲಂತೂ ಮೇಲೆ ಬರೆದ ಸಂಖ್ಯೆಗೆ ಬೆಲೆಯಿಲ್ಲ, ಕಪ್ಪು ಮಾಡಿದ ವೃತ್ತವೇ ಅಂತಿಮ. ಆ ಶಿಸ್ತು ಇಲ್ಲಿಂದಲೇ ಬರಲಿ.

ಇನ್ನು ಪ್ರಶ್ನೆಯ ಭಾಷೆ. ಹೋಬಳಿ ಮಟ್ಟದ ಒಂದು ಸ್ಪರ್ಧೆಯಲ್ಲಿ ಈ ಪ್ರಶ್ನೆ ಕೊಟ್ಟಿದ್ದರು: 100 ಮೀಟರ್ ಉದ್ದದ ಬದುವಿನ ಮೇಲೆ 10 ಮೀಟರಿಗೊಂದರಂತೆ ತೆಂಗಿನ ಸಸಿ ನೆಟ್ಟರೆ ಒಟ್ಟು ಎಷ್ಟು ಸಸಿ? ಉತ್ತರಪಟ್ಟಿಯಲ್ಲಿ 11. ಅರ್ಧದಷ್ಟು ಮಕ್ಕಳು 10 ಅಂದರು, ಅವರು ಭಾಗಿಸಿ ಬಿಟ್ಟವರು. ಮಳವಳ್ಳಿ ಕಡೆಯ ಒಬ್ಬ ಹುಡುಗ ಮಾತ್ರ 9 ಬರೆದಿದ್ದ. ಕೇಳಿದರೆ, "ಎರಡು ಮೂಲೇಲೂ ಸರ್ವೆ ಕಲ್ಲಿರ್ತದೆ ಮಿಸ್, ಕಲ್ಲಿನ ಮ್ಯಾಲೆ ಯಾರು ಸಸಿ ನೆಡ್ತಾರೆ? ಪಕ್ಕದ ಜಮೀನ್ನೋರು ಸುಮ್ನಿರ್ತಾರಾ?" ಎಂದ. ಅವನ ಲೆಕ್ಕದಲ್ಲಿ ಎಳ್ಳಷ್ಟೂ ತಪ್ಪಿಲ್ಲ. "ಎರಡೂ ತುದಿಯಲ್ಲಿ ಒಂದೊಂದು ಸಸಿ ಇರುವಂತೆ" ಎಂಬ ಐದು ಪದ ಸೇರಿಸಿದ್ದರೆ ಸಾಕಿತ್ತು. ಅದಕ್ಕೇ ಪ್ರಶ್ನೆ ಬರೆದವರನ್ನು ಬಿಟ್ಟು ಇನ್ನಿಬ್ಬರು ಮೊದಲೇ ಅದನ್ನು ಬಿಡಿಸಿ ನೋಡಬೇಕು. ಒಬ್ಬರು ಗಣಿತದವರು, ಇನ್ನೊಬ್ಬರು ಕನ್ನಡ ಮೇಷ್ಟ್ರಾದರೆ ಇನ್ನೂ ಒಳ್ಳೆಯದು. ನಾವು ನುಂಗಿದ ಪದ ಅವರಿಗೆ ಥಟ್ಟನೆ ಕಾಣುತ್ತದೆ.

ಸ್ಕೇಲು, ಕೈವಾರ ಇರಲಿ. ಕೋನಮಾಪಕ, ಕ್ಯಾಲ್ಕುಲೇಟರ್ ಬೇಡ, ಪ್ರಾದೇಶಿಕ ಒಲಿಂಪಿಯಾಡ್‌ನಲ್ಲೂ ಹೀಗೇ. ಕೋನಮಾಪಕ ಕೊಟ್ಟರೆ ಮಕ್ಕಳು ಚಿತ್ರ ಬರೆದು ಅಳೆದುಬಿಡುತ್ತಾರೆ. ಸ್ಮಾರ್ಟ್ ವಾಚು ಮೇಜಿನ ಮೇಲೆ, ಮೊಬೈಲು ಸ್ಟಾಫ್ ರೂಮಿನಲ್ಲಿ.

ಮಕ್ಕಳು ಮಾರನೇ ವರ್ಷವೂ ನೆನಪಿಟ್ಟುಕೊಂಡು ಕೇಳುವುದು ರಿಲೇ ಸುತ್ತನ್ನು. ಮೂವರೂ ಒಬ್ಬರ ಹಿಂದೊಬ್ಬರು ಕೂರಬೇಕು: ಮುಂದೆ ಎಂಟು, ನಡುವೆ ಒಂಬತ್ತು, ಹಿಂದೆ ಹತ್ತನೇ ತರಗತಿ. ಮೂವರಿಗೂ ಬೇರೆ ಬೇರೆ ಪ್ರಶ್ನೆ, ಒಟ್ಟಿಗೇ ಕೊಡುವುದು. ಮೊದಲನೆಯವರು ತಮ್ಮ ಉತ್ತರವನ್ನು ಚೀಟಿಯಲ್ಲಿ ಬರೆದು ಹಿಂದಕ್ಕೆ ಕೊಡುತ್ತಾರೆ. ಆ ಸಂಖ್ಯೆ ಇಲ್ಲದೆ ಎರಡನೆಯವರ ಲೆಕ್ಕ ಮುಗಿಯದು, ಅವರ ಉತ್ತರವಿಲ್ಲದೆ ಮೂರನೆಯವರದು ಮುಗಿಯದು. ಒಂದು ಮಾದರಿ ನೋಡಿ.

ಎಂಟನೇ ತರಗತಿಗೆ: 10 ಮತ್ತು 20ರ ನಡುವಿನ ಎಲ್ಲ ಅವಿಭಾಜ್ಯ ಸಂಖ್ಯೆಗಳ ಮೊತ್ತ ಎಷ್ಟು?

ಒಂಬತ್ತನೇ ತರಗತಿಗೆ: ನಿಮಗೆ ಬಂದ ಸಂಖ್ಯೆ 'ಅ'. ತ್ರಿಭುಜವೊಂದರ ಒಂದು ಕೋನ 'ಅ' ಡಿಗ್ರಿ. ಉಳಿದೆರಡು ಕೋನಗಳ ವ್ಯತ್ಯಾಸ 20 ಡಿಗ್ರಿ. ಆ ಎರಡರಲ್ಲಿ ದೊಡ್ಡದು ಎಷ್ಟು?

ಹತ್ತನೇ ತರಗತಿಗೆ: ನಿಮಗೆ ಬಂದ ಸಂಖ್ಯೆ 'ಬ'. 1ರಿಂದ n ವರೆಗಿನ ಸಂಖ್ಯೆಗಳ ಮೊತ್ತ 'ಬ' + 8 ಆದರೆ n ಎಷ್ಟು?

11, 13, 17, 19 ಕೂಡಿದರೆ 60. ಅಲ್ಲಿಂದ 70, ಕೊನೆಗೆ 78 ಆಗುವುದರಿಂದ n = 12. ಇಲ್ಲಿ ಒಂಬತ್ತನೇ ತರಗತಿಯವರನ್ನು ಗಮನಿಸಿ. ಕೆಲವರು ಚೀಟಿ ಬರುವವರೆಗೆ ಪೆನ್ನು ಕಚ್ಚುತ್ತಾ ಕೂರುತ್ತಾರೆ. ಪಳಗಿದವರು ಅಷ್ಟರಲ್ಲಿ "100 − ಅ/2" ಎಂದು ಬರೆದು ಮುಗಿಸಿರುತ್ತಾರೆ. ಚೀಟಿ ಕೈಗೆ ಬಂದ ಕೂಡಲೇ ಉತ್ತರ ಹಿಂದಕ್ಕೆ ಹೋಗುತ್ತದೆ. ಬೀಜಗಣಿತದಲ್ಲಿ ಅಕ್ಷರ ಯಾಕೆ ಎಂದು ತರಗತಿಯಲ್ಲಿ ನಾನು ಎಷ್ಟು ಹೇಳಿದರೂ ತಲೆಗೆ ಹೋಗದ್ದು ಈ ಬೆಂಚಿನ ಮೇಲೆ ಹೋಗುತ್ತದೆ.

ನಿಯಮ ಬಿಗಿಯಾಗಿರಲಿ. ಚೀಟಿಯಲ್ಲಿ ಸಂಖ್ಯೆ ಬಿಟ್ಟು ಬೇರೇನೂ ಇರಬಾರದು. ಮಾತು, ಕೆಮ್ಮು, ಬೆಂಚು ಕುಟ್ಟುವುದು ಯಾವುದೂ ಇಲ್ಲ. ಮುಂದೆ ಕೂತವರಿಗೆ ತಮ್ಮ ತಪ್ಪು ಗೊತ್ತಾದರೆ ಹೊಸ ಚೀಟಿ ಕಳಿಸಬಹುದು, ಎಷ್ಟು ಸಲ ಬೇಕಾದರೂ. ಅಮೆರಿಕದ ಎಆರ್‌ಎಂಎಲ್ ಸ್ಪರ್ಧೆಯಂತೆ ನಾನೂ 3ನೇ ನಿಮಿಷಕ್ಕೊಮ್ಮೆ, 6ನೇ ನಿಮಿಷಕ್ಕೊಮ್ಮೆ ಕೊನೆಯವರಿಂದ ಉತ್ತರ ತೆಗೆದುಕೊಳ್ಳುತ್ತೇನೆ. ಮೊದಲ ವಿಶಲ್‌ಗೇ ಸರಿಯಿದ್ದರೆ 5 ಅಂಕ, ಎರಡನೆಯದಕ್ಕೆ 3. ವಿಶಲ್ ಪಿ.ಟಿ. ಮೇಷ್ಟ್ರ ಕೈಯಲ್ಲಿರಲಿ, ಗಣಿತದವರು ಲೆಕ್ಕ ನೋಡುತ್ತಾ ಗಡಿಯಾರ ಮರೆಯುತ್ತಾರೆ. ಇಂಥ ಮೂರು ರಿಲೇ ಸಾಕು. ಬಿಸಿಯೂಟದ ಗಂಟೆಯ ಹೊತ್ತಿಗೆ ಇದು ಮುಗಿದಿರಬೇಕು.

ಮಧ್ಯಾಹ್ನ ಕಪ್ಪುಹಲಗೆ ಸುತ್ತು, ಮೊದಲ ನಾಲ್ಕು ತಂಡಗಳಿಗೆ ಮಾತ್ರ. ಎಲ್ಲರಿಗೂ ಒಂದೇ ಪ್ರಶ್ನೆ, 15 ನಿಮಿಷ ಯೋಚನೆಗೆ, 4 ನಿಮಿಷ ವಿವರಿಸಲು. ತಮ್ಮ ಸರದಿ ಬರುವವರೆಗೆ ಉಳಿದ ತಂಡಗಳು ಬೇರೆ ಕೊಠಡಿಯಲ್ಲಿರಬೇಕು. ಅಂತರರಾಷ್ಟ್ರೀಯ ಒಲಿಂಪಿಯಾಡ್‌ನಲ್ಲಿ ಎರಡು ದಿನ, ದಿನಕ್ಕೆ ನಾಲ್ಕೂವರೆ ಗಂಟೆ, ಮೂರು ಪ್ರಶ್ನೆ, ಪ್ರಶ್ನೆಗೆ 7 ಅಂಕ, ಒಟ್ಟು 42. ಆ 7 ಅಂಕದ ಅಳತೆಯನ್ನೇ ಇಟ್ಟುಕೊಳ್ಳಿ. ಪ್ರಶ್ನೆ ಹೀಗಿರಲಿ: ಒಂದರ ಮುಂದೊಂದು ಬರುವ ಯಾವುದೇ ಮೂರು ಸಂಖ್ಯೆಗಳ ಗುಣಲಬ್ಧ 6ರಿಂದ ಭಾಗವಾಗುತ್ತದೆ, ಯಾಕೆ? ಬರೀ ಉದಾಹರಣೆ ಕೊಟ್ಟರೆ, ಹತ್ತು ಕೊಟ್ಟರೂ 1 ಅಂಕ. "ಹತ್ತರಲ್ಲೂ ಸರಿ ಬಂತಲ್ಲ ಮಿಸ್" ಎಂದರೆ n² + n + 41 ಬರೆದು ತೋರಿಸಿ. n 0ಯಿಂದ 39ರವರೆಗೆ ಅವಿಭಾಜ್ಯ ಸಂಖ್ಯೆಯನ್ನೇ ಕೊಡುತ್ತಾ ಬಂದು, 40ಕ್ಕೆ 1681, ಅಂದರೆ 41 × 41 ಆಗಿ ಕೈಕೊಡುತ್ತದೆ. ಮೂರರಲ್ಲಿ ಒಂದಾದರೂ ಸಮಸಂಖ್ಯೆ ಎಂದರೆ 2 ಅಂಕ, ಒಂದು 3ರ ಅಪವರ್ತ್ಯ ಎಂದರೆ ಇನ್ನೆರಡು. ಉಳಿದ ಮೂರು ಅಂಕ, 2 ಮತ್ತು 3 ಎರಡರಿಂದಲೂ ಭಾಗವಾದರೆ 6ರಿಂದಲೂ ಯಾಕೆ ಭಾಗವಾಗುತ್ತದೆ ಎಂದು ಹೇಳುವುದಕ್ಕೆ. ತೀರ್ಪುಗಾರರು ಕೆಣಕಬೇಕು: ಹಾಗಾದರೆ 4ರಿಂದಲೂ 6ರಿಂದಲೂ ಭಾಗವಾದದ್ದು 24ರಿಂದ ಭಾಗವಾಗುತ್ತಾ? 12 ಎಂದು ಹೇಳಿ ನಗುವ ಮಗುವಿಗೆ ಪೂರ್ತಿ 7 ಕೊಟ್ಟುಬಿಡಿ.

ಸಮ ಅಂಕ ಬಂದರೆ ಬರವಣಿಗೆ ಸುತ್ತಿನಲ್ಲಿ 5 ಅಂಕದ ಪ್ರಶ್ನೆಗಳನ್ನು ಹೆಚ್ಚು ಮಾಡಿದ ತಂಡ ಮುಂದೆ. ಅದೂ ಸಮವಾದರೆ ಬಹುಮಾನ ಹಂಚಿ. ಚೀಟಿ ಎತ್ತುವುದು, ನಾಣ್ಯ ಚಿಮ್ಮುವುದು ಗಣಿತ ಸ್ಪರ್ಧೆಗೆ ಶೋಭೆಯಲ್ಲ.

ಆಕ್ಷೇಪಕ್ಕೆ 15 ನಿಮಿಷ, ಉತ್ತರಪಟ್ಟಿ ಗೋಡೆಗೆ ಅಂಟಿಸಿದ ಕ್ಷಣದಿಂದ. ಬರೆದು ಕೊಡಬೇಕು, ಮಗುವೇ ಕೊಡಬೇಕು. ಕರೆದುಕೊಂಡು ಬಂದ ಮೇಷ್ಟ್ರಾಗಲಿ, ಅಪ್ಪ ಅಮ್ಮ ಆಗಲಿ ಕೊಡುವಂತಿಲ್ಲ. ಪ್ರಶ್ನೆಯೇ ತಪ್ಪೆಂದು ಖಚಿತವಾದರೆ ಎಲ್ಲರಿಗೂ ಅದರ ಪೂರ್ಣ ಅಂಕ ಕೊಡಿ. ಪ್ರಶ್ನೆಯನ್ನು ಕೈಬಿಟ್ಟರೂ ಸ್ಥಾನಗಳಲ್ಲಿ ವ್ಯತ್ಯಾಸ ಬರದು, ಎಲ್ಲರಿಗೂ ಒಂದೇ ಸಂಖ್ಯೆ ಕೂಡಿದ್ದೂ ಒಂದೇ, ಕೂಡದಿದ್ದದ್ದೂ ಒಂದೇ. ಆದರೂ ಕೊಟ್ಟರೆ ಮನೆಗೆ ಹೋಗುವಾಗ ಯಾರ ಮುಖವೂ ಸಪ್ಪಗಿರುವುದಿಲ್ಲ.

ಬಹುಮಾನಕ್ಕೆ ಪ್ಲಾಸ್ಟಿಕ್ ಕಪ್ ತರಬೇಡಿ, ಒಳ್ಳೆಯ ಜಾಮಿಟ್ರಿ ಬಾಕ್ಸ್ ಕೊಡಿ. ಗೆದ್ದವರಿಗಷ್ಟೇ ಅಲ್ಲ, 5 ಅಂಕದ ಪ್ರಶ್ನೆ ಬಿಡಿಸಿದ ಪ್ರತಿಯೊಬ್ಬರ ಹೆಸರೂ ಬರೆದಿಟ್ಟುಕೊಳ್ಳಿ. ಐಒಕ್ಯೂಎಂ ಬರೆಯಲು ಎಂಟನೇ ತರಗತಿ ಸಾಕು. ಇತ್ತೀಚಿನ ವರ್ಷಗಳಲ್ಲಿ ಅದು ಸೆಪ್ಟೆಂಬರಿನ ಭಾನುವಾರವೊಂದರಲ್ಲಿ ನಡೆಯುತ್ತಿದೆ. ಅದರಲ್ಲಿ ಮುಂದೆ ಬಂದವರಿಗೆ ಪ್ರಾದೇಶಿಕ ಹಂತ, 3 ಗಂಟೆಗೆ 6 ಪ್ರಶ್ನೆ. ಆಮೇಲೆ ಜನವರಿಯಲ್ಲಿ ರಾಷ್ಟ್ರಮಟ್ಟದ್ದು. ನೋಂದಣಿ ಮಾತ್ರ ಪರೀಕ್ಷೆಗೆ ಮುಂಚೆಯೇ ಮುಗಿದುಹೋಗುತ್ತದೆ, ಆದ್ದರಿಂದ ಆ ಪಟ್ಟಿಯನ್ನು ಜೂನ್‌ನಲ್ಲಿ ಶಾಲೆ ತೆರೆದ ವಾರವೇ ಹೊರಗೆ ತೆಗೆಯಿರಿ.