ಇಂಜಿನ್ ಕೆಲಸ ಮುಗಿಯಿತು, ಈಗ ಓಡಿಸೋದು ಹೇಗೆ?

ಕಾರಿನ ಇಂಜಿನ್ ಇಳಿಸಿ, ಸಿಲಿಂಡರ್ ಬೋರ್ ಮಾಡಿಸಿ, ಹೊಸ ಪಿಸ್ಟನ್, ರಿಂಗ್, ಬೇರಿಂಗ್ ಹಾಕಿಸುವುದು ಸಣ್ಣ ಖರ್ಚಲ್ಲ. ಇಷ್ಟೆಲ್ಲ ಆದ ಮೇಲೆ ಸಿಗುವ ಸಲಹೆ ಸಾಮಾನ್ಯವಾಗಿ ಒಂದೇ: ‘ಸಾವಿರ ಕಿಲೋಮೀಟರ್ ತನಕ ನಲವತ್ತರ ಮೇಲೆ ಹೋಗ್ಬೇಡಿ, ಇಂಜಿನ್ ಫ್ರೀ ಆಗ್ಲಿ.’ ಇದು ಅರ್ಧ ಮಾತ್ರ ಸರಿ. ಹೊಸದಾಗಿ ಕಟ್ಟಿದ ಇಂಜಿನ್ನನ್ನು ಹಿಂಡಬಾರದು, ನಿಜ. ತೀರಾ ಮುದ್ದು ಮಾಡಿದರೂ ಅದು ಕೆಡುತ್ತದೆ. ಬಳ್ಳಾರಿ, ರಾಯಚೂರು, ಕೊಪ್ಪಳ ಕಡೆಯವರು ಇದರ ಜೊತೆಗೆ ಬಿಸಿಲು, ದೂಳು ಎರಡನ್ನೂ ಲೆಕ್ಕಕ್ಕೆ ತಗೋಬೇಕು.

ಒಳಗೆ ಏನಾಗುತ್ತದೆ ಅಂತ ಮೊದಲು ತಿಳಿದುಕೊಳ್ಳಿ. ಬೋರ್ ಆದ ಸಿಲಿಂಡರ್ ಗೋಡೆಗೆ ಹೋನಿಂಗ್ ಮಾಡುತ್ತಾರೆ, ಅಂದರೆ ಸಾಣೆಕಲ್ಲಿನಿಂದ ಉಜ್ಜುತ್ತಾರೆ. ಬೆಳಕು ಬಿಟ್ಟು ನೋಡಿದರೆ ಒಂದರ ಮೇಲೊಂದು ಹಾಯ್ದ ಸಣ್ಣ ಗೀರುಗಳು ಕಾಣುತ್ತವೆ, ಸವೆದ ಬೀಸುಕಲ್ಲಿಗೆ ಉಳಿಯಿಂದ ಕಚ್ಚು ಹೊಡೆಸಿದ ಹಾಗೆ. ಈ ಗೀರುಗಳು ಆಯಿಲ್ ಹಿಡಿದಿಡುತ್ತವೆ. ಜೊತೆಗೆ ಪಿಸ್ಟನ್ ಸುತ್ತ ಇರುವ ರಿಂಗನ್ನು ಸ್ವಲ್ಪ ಉಜ್ಜಿ ಗೋಡೆಗೆ ಹೊಂದಿಸುತ್ತವೆ. ಆದರೆ ರಿಂಗ್ ಗೋಡೆಗೆ ಗಟ್ಟಿಯಾಗಿ ಒತ್ತಬೇಕಾದರೆ ಅದರ ಸ್ವಂತ ಬಿಗಿ ಸಾಲದು. ಉರಿದ ಗ್ಯಾಸಿನ ಒತ್ತಡ ರಿಂಗಿನ ಹಿಂದೆ ನುಗ್ಗಿ ಅದನ್ನು ಹೊರಕ್ಕೆ ತಳ್ಳಬೇಕು. ಇಂಜಿನ್ ಮೇಲೆ ಲೋಡ್ ಇಲ್ಲದಿದ್ದರೆ ಆ ಒತ್ತಡ ಬರುವುದಿಲ್ಲ. ಗೀರುಗಳ ಚೂಪು ಬೇಗ ಸವೆಯುತ್ತದೆ. ಅಷ್ಟರಲ್ಲಿ ರಿಂಗ್ ಕೂರದೆ ಹೋದರೆ ಆಯಿಲ್ ಸುಟ್ಟು ಗೋಡೆಗೆ ನುಣುಪು ಪದರ ಕಟ್ಟುತ್ತದೆ. ಆಮೇಲೆ ಮತ್ತೆ ಬಿಚ್ಚಿ ಹೋನಿಂಗ್ ಮಾಡಿಸದೆ ಬೇರೆ ದಾರಿ ಇಲ್ಲ. ದಿನವಿಡೀ ಗ್ಯಾರೇಜಿನಲ್ಲಿ ಆಕ್ಸಿಲರೇಟರ್ ಒತ್ತದೆ ಸ್ಲೋ ಮೇಲೆ ಬಿಟ್ಟು ‘ಫ್ರೀ’ ಮಾಡುವುದನ್ನು ದಯವಿಟ್ಟು ಒಪ್ಪಬೇಡಿ.

ಸೆಲ್ಫ್ ಹೊಡೆಯುವ ಮೊದಲು

ಮೊದಲ ಆಯಿಲ್ ಮಿನರಲ್ ಆಯಿಲ್ ಆಗಿರಲಿ. ಹಳೆಯ ಪೆಟ್ರೋಲ್ ಕಾರುಗಳಿಗೆ 20ಡಬ್ಲ್ಯು-40 ಎಲ್ಲ ಅಂಗಡಿಯಲ್ಲೂ ಸಿಗುತ್ತದೆ. ಸಿಂಥೆಟಿಕ್ ಹಾಕುವ ಆಸೆ ಇದ್ದರೆ ರಿಂಗ್ ಕೂತ ಮೇಲೆ ಹಾಕಿ. ಕಂಪನಿಯವರೇ ಮೊದಲಿಂದ ಸಿಂಥೆಟಿಕ್ ಹೇಳಿರುವ ಈಚಿನ ಕಾರಾದರೆ ಮ್ಯಾನುಯಲ್‌ನ ಮಾತೇ ಕೊನೆ.

ಹೊಸ ಬೇರಿಂಗ್‌ಗಳು ಒಣಗಿದ ಸ್ಥಿತಿಯಲ್ಲಿ ತಿರುಗಬಾರದು. ಪೆಟ್ರೋಲ್ ಕಾರಾದರೆ ಸ್ಪಾರ್ಕ್ ಪ್ಲಗ್ ಬಿಚ್ಚಿ, ಇಗ್ನಿಷನ್ ಕಾಯಿಲ್‌ನ ವೈರ್ ಮತ್ತು ಫ್ಯುಯೆಲ್ ಪಂಪಿನ ಫ್ಯೂಸ್ ತೆಗೆಸಿ. ಡೀಸೆಲ್ ಆದರೆ ಇಂಧನ ಬಾರದಂತೆ ಕಟ್ ಮಾಡಿಸಿ. ನಂತರ ಸೆಲ್ಫನ್ನು ಹತ್ತು ಸೆಕೆಂಡ್ ಹೊಡೆದು, ಸ್ವಲ್ಪ ಬಿಟ್ಟು, ಮತ್ತೆ ಹೊಡೆಯಿರಿ. ಮೀಟರಿನಲ್ಲಿ ಆಯಿಲ್ ಲೈಟ್ ಆರುವ ತನಕ ಹೀಗೇ ಮಾಡಿ. ಆರಿತು ಅಂದರೆ ಆಯಿಲ್ ಒತ್ತಡ ಬಂತು ಅಂತ ಅರ್ಥ.

ರೇಡಿಯೇಟರ್‌ಗೆ ಬೋರ್‌ವೆಲ್ ನೀರು ಬೇಡವೇ ಬೇಡ. ನಮ್ಮ ಕಡೆಯ ನೀರು ಗಡಸು, ಒಳಗೆ ಬಿಳಿ ಪದರ ಕಟ್ಟಿ ದಾರಿ ಮುಚ್ಚುತ್ತದೆ. ರೆಡಿ ಕೂಲೆಂಟ್ ಹಾಕಿ, ಇಲ್ಲವೇ ಡಿಸ್ಟಿಲ್ಡ್ ನೀರಲ್ಲಿ ಕೂಲೆಂಟ್ ಬೆರೆಸಿ ಹಾಕಿ. ಸಿಸ್ಟಮ್‌ನಲ್ಲಿ ಗಾಳಿ ಉಳಿಯದಂತೆ ಪೂರ್ತಿ ತೆಗೆಸಿ.

ಏರ್ ಫಿಲ್ಟರ್ ವಿಷಯದಲ್ಲಿ ಮಾತ್ರ ನೂರು ರೂಪಾಯಿ ಉಳಿಸಲು ಹೋಗಬೇಡಿ. ತೋರಣಗಲ್ಲು, ಸಂಡೂರು ಕಡೆ ಅದಿರು ಲಾರಿಯ ಹಿಂದೆ ಸಿಕ್ಕಿಕೊಂಡವರಿಗೆ ಕೆಂಪು ದೂಳು ಎಂಥದ್ದು ಅಂತ ಗೊತ್ತು. ಒಂದು ಚಿಟಿಕೆ ದೂಳು ರಿಂಗಿಗೂ ಗೋಡೆಗೂ ನಡುವೆ ಹೋದರೂ ಹೊಸ ಗೋಡೆ ಗೀರಿಹೋಗುತ್ತದೆ. ಹೊಸ ಫಿಲ್ಟರ್ ಹಾಕಿಸಿದರಷ್ಟೇ ಸಾಲದು. ಫಿಲ್ಟರ್ ಡಬ್ಬಿಯ ಕ್ಲಿಪ್ ಎಲ್ಲವೂ ಕೂತಿವೆಯೇ ನೋಡಿ. ಅಲ್ಲಿಂದ ಇಂಜಿನ್‌ಗೆ ಹೋಗುವ ರಬ್ಬರ್ ಪೈಪನ್ನು ಬಗ್ಗಿಸಿ ಬಿರುಕು ಹುಡುಕಿ. ಪೈಪಿನ ಒಳಗೆ ಬೆರಳಾಡಿಸಿದಾಗ ದೂಳು ಅಂಟಿದರೆ ಎಲ್ಲೋ ಸೋರುತ್ತಿದೆ.

ಮೊದಲ ಸ್ಟಾರ್ಟ್, ಮೊದಲ ಓಟ

ಬೇಸಿಗೆಯಲ್ಲಿ ಇಲ್ಲಿ 40 ಡಿಗ್ರಿ ದಾಟುತ್ತದೆ. ಹೊಸ ಇಂಜಿನ್ ಒಳಗಿನ ಉಜ್ಜಾಟಕ್ಕೇ ಜಾಸ್ತಿ ಬಿಸಿಯಾಗುತ್ತದೆ. ಹಾಗಾಗಿ ಈ ಕೆಲಸ ಬೆಳಗಿನ ಜಾವಕ್ಕೆ ಇಟ್ಟುಕೊಳ್ಳಿ, ಎಸಿ ಹಾಕಬೇಡಿ.

ಸ್ಟಾರ್ಟ್ ಆದ ಕೆಲವೇ ಸೆಕೆಂಡಿನಲ್ಲಿ ಆಯಿಲ್ ಲೈಟ್ ಆರದಿದ್ದರೆ ತಕ್ಷಣ ಆಫ್ ಮಾಡಿ. ಆರಿದರೆ ಆಯಿಲ್, ನೀರು, ಪೆಟ್ರೋಲ್ ಎಲ್ಲಾದರೂ ಸೋರುತ್ತಿದೆಯೇ ನೋಡಿ. ಇಂಜಿನ್ ಬಿಸಿಯಾಗಿ ಫ್ಯಾನ್ ತಿರುಗುವ ತನಕ ನಿಂತು ಗಮನಿಸಿ. ಅಷ್ಟೇ ಸಾಕು, ಗಾಡಿ ರಸ್ತೆಗೆ ಇಳಿಯಲಿ. ಹಳೆಯ ಅಂಬಾಸಿಡರ್‌ನ 1489 ಸಿಸಿ ಇಂಜಿನ್‌ನಂಥವಕ್ಕೆ ವಾಲ್ವ್ ತೆರೆಯುವ ಭಾಗಗಳಾದ ಕ್ಯಾಮ್ ಮತ್ತು ಟ್ಯಾಪೆಟ್ ಹೊಸದಾಗಿ ಹಾಕಿಸಿದ್ದರೆ ಮಾತ್ರ ಲೆಕ್ಕ ಬೇರೆ. ಸ್ಟಾರ್ಟ್ ಆದ ಕೂಡಲೇ ಇಂಜಿನ್ ತಿರುಗುವ ವೇಗವನ್ನು 2000 ಆರ್‌ಪಿಎಂಗೆ ಏರಿಸಿ ಸುಮಾರು 20 ನಿಮಿಷ ಹಿಡಿಯಬೇಕು. ಸ್ಲೋ ಮೇಲೆ ಬಿಟ್ಟರೆ ಕ್ಯಾಮ್‌ಗೆ ಆಯಿಲ್ ಸರಿಯಾಗಿ ಸಿಡಿಯದೆ ಅದು ತಿಂದುಹೋಗುತ್ತದೆ.

ಮೊದಲ ಓಟಕ್ಕೆ ಲಾರಿ ಕಡಿಮೆ ಇರುವ, ದೂಳಿಲ್ಲದ, ಸಮತಟ್ಟಾದ ಡಾಂಬರು ರಸ್ತೆ ಆರಿಸಿ. ಊರಿನ ಟ್ರಾಫಿಕ್ ದಾಟಿದರೆ ನಮ್ಮ ಬಯಲು ಸೀಮೆಯಲ್ಲಿ ಅಂಥ ರಸ್ತೆಗೆ ಬರವಿಲ್ಲ. ಮೂರನೇ ಗೇರಿನಲ್ಲಿ 30ರ ವೇಗದಿಂದ ಆಕ್ಸಿಲರೇಟರ್ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ ಒತ್ತಿ 55–60ಕ್ಕೆ ಏರಿಸಿ. ಪೂರ್ತಿ ಕಾಲು ಬಿಡಿ. ಗೇರ್ ಬದಲಿಸದೆ, ಕ್ಲಚ್ ತುಳಿಯದೆ ಅದಾಗಿಯೇ 30ಕ್ಕೆ ಇಳಿಯಲಿ. ಹಿಂದೆ ಯಾರೂ ಇಲ್ಲದಾಗ ಹೀಗೆ ಹತ್ತಿಪ್ಪತ್ತು ಸಲ ಮಾಡಿ. ಏರಿಸುವಾಗ ರಿಂಗ್ ಗೋಡೆಗೆ ಒತ್ತುತ್ತದೆ. ಕಾಲು ಬಿಟ್ಟಾಗ ಪೆಟ್ರೋಲ್ ಇಂಜಿನ್‌ನ ಸಿಲಿಂಡರ್ ಒಳಗೆ ಎಳೆತ ಹುಟ್ಟಿ, ಆಯಿಲ್ ಮೇಲೆ ಬಂದು ರಿಂಗನ್ನು ತಂಪು ಮಾಡುತ್ತದೆ, ಸವೆದ ಲೋಹದ ಪುಡಿಯನ್ನೂ ತೊಳೆಯುತ್ತದೆ. ಟೆಂಪರೇಚರ್ ಮುಳ್ಳು ಎಂದಿನ ಜಾಗ ದಾಟಿದರೆ ಪಕ್ಕಕ್ಕೆ ನಿಲ್ಲಿಸಿ. ಬಿಸಿಯಿರುವಾಗ ರೇಡಿಯೇಟರ್ ಮುಚ್ಚಳ ಮುಟ್ಟಬೇಡಿ.

ಆಯಿಲ್ ಹೇಳುವ ಕತೆ

ಮೊದಲ 50–100 ಕಿಲೋಮೀಟರ್ ಒಳಗೇ ಆಯಿಲ್, ಫಿಲ್ಟರ್ ಎರಡನ್ನೂ ಬದಲಿಸಿ. ‘ಹೊಸಾ ಆಯಿಲ್ ಅಲ್ವಾ, ಸುಮ್ನೆ ಯಾಕೆ ಚೆಲ್ತೀರಿ’ ಅಂತ ಯಾರಾದರೂ ಅಂದೇ ಅನ್ನುತ್ತಾರೆ, ಕೇಳಬೇಡಿ. ಅತಿ ಹೆಚ್ಚು ಲೋಹದ ಪುಡಿ ಬರುವುದೇ ಈ ಹೊತ್ತಿನಲ್ಲಿ. ಇಳಿಸಿದ ಆಯಿಲನ್ನು ಅಗಲ ಟ್ರೇಯಲ್ಲಿ ಹಿಡಿದು ಬಿಸಿಲಿಗೆ ತನ್ನಿ. ಸಣ್ಣ ಬೆಳ್ಳಿ ಮಿನುಗು ಕಂಡರೆ ಗಾಬರಿ ಬೇಡ, ಅದು ಸಹಜ. ಉಗುರಿಗೆ ಸಿಗುವಂಥ ಚೂರು ಅಥವಾ ತಾಮ್ರದ ಬಣ್ಣದ ತುಣುಕು ಕಂಡರೆ ಬೇರಿಂಗ್ ತಿನ್ನುತ್ತಿರಬಹುದು. ಗಾಡಿ ಮುಂದೆ ಓಡಿಸದೆ ಮೆಕ್ಯಾನಿಕ್‌ಗೆ ತೋರಿಸಿ. ಎರಡನೇ ಬದಲಾವಣೆ 500 ಕಿಲೋಮೀಟರಿಗೆ, ಮೂರನೆಯದು 1500ರ ಹೊತ್ತಿಗೆ.

ಸಾವಿರ ಕಿಲೋಮೀಟರ್ ತನಕ ಪೆಟ್ರೋಲ್ ಕಾರನ್ನು ಸುಮಾರು 3000 ಆರ್‌ಪಿಎಂ, ಡೀಸೆಲ್ಲನ್ನು 2500 ಒಳಗೆ ಇಡಿ. ಹೊಸಪೇಟೆ–ಕೊಪ್ಪಳದ ಹೈವೇಯಂಥ ಕಡೆ ಒಂದೇ ವೇಗದಲ್ಲಿ ಗಂಟೆಗಟ್ಟಲೆ ಹೋಗಬೇಡಿ, ಏರಿಸಿ ಇಳಿಸಿ ಓಡಿಸಿ. ಟಾಪ್ ಗೇರಿನಲ್ಲಿ ಕಡಿಮೆ ವೇಗಕ್ಕೆ ಗಡಗಡ ಅನ್ನಿಸುವುದು ಜೋರಾಗಿ ಓಡಿಸುವುದಕ್ಕಿಂತ ಕೆಟ್ಟದ್ದು. ಪೂಜೆಗೆ ಹುಲಿಗಿಗೆ ಹೋಗಲೇಬೇಕು ಅನ್ನುವವರು ಇಬ್ಬರೇ ಹೋಗಿಬನ್ನಿ. ಮನೆ ಮಂದಿಯನ್ನೆಲ್ಲ ತುಂಬಿಕೊಂಡು ಹೋಗುವುದು ಸಾವಿರ ದಾಟಿದ ಮೇಲೆ ಆಗಲಿ. ಆ ಹೊತ್ತಿಗೆ ಟ್ಯಾಪೆಟ್ ಗ್ಯಾಪ್ ನೋಡಿಸಿ. ಮ್ಯಾನುಯಲ್ ಹೇಳಿದ್ದರೆ ಮಾತ್ರ ಹೆಡ್ ಬೋಲ್ಟ್ ಮತ್ತೆ ಬಿಗಿ ಮಾಡಿಸಿ.

ವಾರಕ್ಕೆರಡು ಸಲ, ಗಾಡಿ ತಣ್ಣಗಿರುವಾಗ ಡಿಪ್‌ಸ್ಟಿಕ್ ನೋಡಿ ಬರೆದಿಡಿ. ಶುರುವಿನಲ್ಲಿ ಆಯಿಲ್ ಸ್ವಲ್ಪ ಕಡಿಮೆಯಾಗುತ್ತದೆ, ಬರಬರುತ್ತ ನಿಲ್ಲಬೇಕು. 1500 ದಾಟಿದರೂ ಸೈಲೆನ್ಸರ್‌ನಲ್ಲಿ ನೀಲಿ ಹೊಗೆ ನಿಲ್ಲದಿದ್ದರೆ, ಆಯಿಲ್ ಮುಚ್ಚಳ ತೆಗೆದಾಗ ಜೋರಾಗಿ ಗಾಳಿ ಉಗುಳುತ್ತಿದ್ದರೆ, ಇಂಜಿನ್ ಬಿಚ್ಚುವ ಮಾತಿಗೆ ಮೊದಲು ಸಿಲಿಂಡರ್ ಒಳಗಿನ ಒತ್ತಡ ಅಳೆಯುವ ಕಂಪ್ರೆಷನ್ ಟೆಸ್ಟ್ ಮಾಡಿಸಿ. ಪ್ರತಿ ಸಿಲಿಂಡರಿನ ಅಂಕಿಯನ್ನೂ ಚೀಟಿಯಲ್ಲಿ ಬರೆಸಿಕೊಳ್ಳಿ.